ಹೃದಯ ಸಡಿಲಾಗುವುದನ್ನು ಓದುವ ಕಸುಬು

ಬಸವಕಲ್ಯಾಣ ಕಸುಬಿಗೆ ಮರ್ಯಾದೆ ಕೊಟ್ಟ ಊರು. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ಬಟ್ಟೆ ಮಡಿ ಮಾಡುತ್ತಿದ್ದ ಮಾಚಯ್ಯ, ಕೆರ ಹೊಲಿಯುತ್ತಿದ್ದ ಹರಳಯ್ಯ, ಇವರನ್ನೆಲ್ಲ ನಾವು ಇಂದಿಗೂ ನೆನೆಯುವುದು ಅವರವರ ಕಾಯಕದ ಜೊತೆಗೇ. ಆ ಊರಿನಿಂದಲೂ ಪಕ್ಕದ ಹುಮನಾಬಾದಿನಿಂದಲೂ ಜನ ಹೃದಯದ ಎಕೋ ಮಾಡಿಸಲೆಂದು ಬೀದರಿಗೆ, ಕಲಬುರಗಿಗೆ, ಸೊಲ್ಲಾಪುರಕ್ಕೆ, ಹೈದರಾಬಾದಿಗೆ ಹೋಗಿಬರುತ್ತಾರೆ. ಬರುವಾಗ ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಒಂದು ಹಾಳೆ. ಹಾಳೆಯ ಕೊನೆಗೆ ಹೆಚ್ಚಾಗಿ ಎರಡು ಮಾತು ಇರುತ್ತವೆ: ಇಎಫ್ ಅರವತ್ತು ಪರ್ಸೆಂಟ್, ಗ್ರೇಡ್ ಒನ್ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್.

ಮೊದಲನೆಯ ಮಾತು ನೋಡಿ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಎರಡನೆಯದನ್ನು ನೋಡಿ ಕೆಲವರು ಗಾಬರಿಯಾಗುತ್ತಾರೆ, ಕೆಲವರು ಓದುವುದೇ ಇಲ್ಲ. ಆ ಎರಡನೆಯ ಸಾಲನ್ನು ಬರೆಯುವ ಹಿಂದೆ ಎಷ್ಟು ತಾಳ್ಮೆಯ, ಎಷ್ಟು ಸೂಕ್ಷ್ಮದ ಕೆಲಸ ಇದೆ ಎಂಬುದನ್ನು ಬಿಡಿಸಿ ಹೇಳಬೇಕೆನಿಸಿದೆ. ನನ್ನ ಮಟ್ಟಿಗೆ ಇವತ್ತಿನ ವೈದ್ಯಕೀಯದಲ್ಲಿ ಕಣ್ಣು, ಕೈ, ಕಿವಿ ಮೂರೂ ಒಟ್ಟಿಗೆ ದುಡಿಯಬೇಕಾದ ಕಸುಬುಗಳಲ್ಲಿ ಇದು ಒಂದು.

ಹೃದಯ ಎಂದರೆ ನಮಗೆ ನೆನಪಾಗುವುದು ಅದು ಹಿಂಡಿಕೊಂಡು ರಕ್ತ ನೂಕುವ ಕೆಲಸ. ಇಎಫ್ ಅಳೆಯುವುದು ಅದನ್ನೇ: ತುಂಬಿದ ರಕ್ತದಲ್ಲಿ ಎಷ್ಟು ಪಾಲು ಒಂದೇ ಹಿಂಡಿಗೆ ಹೊರಗೆ ಹೋಯಿತು ಎಂಬ ಲೆಕ್ಕ. ಆದರೆ ಹಿಂಡಬೇಕಾದರೆ ಮೊದಲು ತುಂಬಬೇಕು. ನಿಮಿಷಕ್ಕೆ 75 ಸಲ ಬಡಿಯುವ ಹೃದಯಕ್ಕೆ ಒಂದು ಬಡಿತಕ್ಕೆ ಸಿಗುವುದು 0.8 ಸೆಕೆಂಡು. ಅದರಲ್ಲಿ ಹಿಂಡಲು ಸುಮಾರು 0.3, ಉಳಿದ 0.5 ಸಡಿಲಾಗಿ ತುಂಬಿಕೊಳ್ಳಲು. ಹೃದಯದ ಹೆಚ್ಚಿನ ಹೊತ್ತು ಹೋಗುವುದು ತುಂಬಿಕೊಳ್ಳುವುದರಲ್ಲೇ. ಹೃದಯದ ಸ್ವಂತ ಸ್ನಾಯುವಿಗೆ ರಕ್ತ ಸಿಗುವುದು ಕೂಡ ಬಹುಪಾಲು ಈ ಸಡಿಲ ಹೊತ್ತಿನಲ್ಲೇ.

ಸಡಿಲಾಗುವುದೆಂದರೆ ಸುಮ್ಮನಿರುವುದು ಅಂದುಕೊಳ್ಳುತ್ತೇವೆ. ಹೃದಯದಲ್ಲಿ ಹಾಗಲ್ಲ. ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದಾಗ ಅದು ಬಿಗಿಯುತ್ತದೆ. ಮತ್ತೆ ಸಡಿಲಾಗಬೇಕಾದರೆ ಆ ಕ್ಯಾಲ್ಸಿಯಮನ್ನು ಬಾಚಿ ಅದರ ಉಗ್ರಾಣಕ್ಕೆ ವಾಪಸು ತುಂಬಬೇಕು. ಅದಕ್ಕೆಂದೇ ಕೋಶದಲ್ಲಿ ಪಂಪುಗಳಿವೆ, ಅವು ಪ್ರತಿ ಬಡಿತಕ್ಕೂ ಶಕ್ತಿಯನ್ನು ಉರಿಸುತ್ತವೆ. ಪ್ರಾಣ ಹೋದ ಕೆಲವು ತಾಸಿಗೆ ದೇಹ ಸೆಟೆದುಕೊಳ್ಳುವುದನ್ನು ಹಳ್ಳಿಯಲ್ಲಿ ಎಲ್ಲರೂ ಕಂಡಿದ್ದಾರೆ. ಶಕ್ತಿ ಮುಗಿದ ಸ್ನಾಯುವಿಗೆ ಸಡಿಲಾಗಲು ಬರುವುದಿಲ್ಲ ಎನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಬಿಪಿ ಏರಿ, ಸಕ್ಕರೆ ಏರಿ, ತೂಕ ಏರಿ, ವಯಸ್ಸಾಗಿ ಹೃದಯ ದಣಿಯತೊಡಗಿದಾಗ ಮೊದಲು ಏಟು ಬೀಳುವುದು ಈ ಸಡಿಲಿಕೆಗೆ. ರಿಪೋರ್ಟಿನ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ ಎಂದರೆ ಇದೇ. ಹಿಂಡುವ ಬಲ ಇನ್ನೂ ವರ್ಷಗಟ್ಟಲೆ ಹಾಗೆಯೇ ಇರಬಹುದು.

ಬಿಪಿಯ ಎದುರು ಹಗಲೂ ರಾತ್ರಿ ರಕ್ತ ನೂಕಿ ನೂಕಿ ಎಡ ಕೆಳಕೋಣೆಯ ಗೋಡೆ ದಪ್ಪವಾಗುತ್ತದೆ. ಆರರಿಂದ ಹತ್ತು ಮಿಲಿಮೀಟರ್ ಇರಬೇಕಾದದ್ದು ಹನ್ನೆರಡು, ಹದಿಮೂರು ಆಗುತ್ತದೆ. ಕೋಶಗಳ ನಡುವೆ ನಾರು ಬೆಳೆಯುತ್ತದೆ. ನಿಜಾಮರ ಕಾಲದಲ್ಲಿ ಈ ಸೀಮೆಯಲ್ಲಿ ಭಿಸ್ತಿಗಳು ಹೆಗಲ ಮೇಲೆ ಹೊರುತ್ತಿದ್ದ ತೊಗಲಿನ ಮಷಕವನ್ನು ನೆನಪಿಸಿಕೊಳ್ಳಿ. ಮೆತ್ತಗಿದ್ದ ಮಷಕ ಬಾಯಿ ತೆರೆದರೆ ಸಾಕು, ನೀರು ತಾನಾಗಿ ಇಳಿಯುತ್ತದೆ. ಒಣಗಿ ಬಿರುಸಾದ ಮಷಕಕ್ಕೆ ಅಷ್ಟೇ ನೀರು ತುಂಬಬೇಕಾದರೆ ಮೇಲಿಂದ ಒತ್ತಡ ಹಾಕಬೇಕು. ಬಿರುಸಾದ ಹೃದಯದ ಪಾಡೂ ಅಷ್ಟೇ. ಮೇಲುಕೋಣೆಯ ಒತ್ತಡ ಏರುತ್ತದೆ, ಅದರ ಹಿಂದಿನ ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರುತ್ತದೆ, ಅಲ್ಲಿಂದ ದಮ್ಮು ಶುರುವಾಗುತ್ತದೆ.

ಕೂತಾಗ ಆರಾಮ, ನಡೆದಾಗ ದಮ್ಮು ಏಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಬಡಿತ ನಿಮಿಷಕ್ಕೆ 120 ಆದರೆ ಒಂದು ಬಡಿತಕ್ಕೆ ಸಿಗುವುದು ಅರ್ಧ ಸೆಕೆಂಡು ಮಾತ್ರ. ಹಿಂಡುವ ಹೊತ್ತು ಸ್ವಲ್ಪವೇ ಕಡಿಮೆಯಾಗುತ್ತದೆ; ಕಡಿತವೆಲ್ಲ ಬೀಳುವುದು ತುಂಬಿಕೊಳ್ಳುವ ಹೊತ್ತಿನ ಮೇಲೆ. ನಿಧಾನವಾಗಿ ಸಡಿಲಾಗುವ ಹೃದಯಕ್ಕೆ ಸಮಯವೇ ಬೇಕು, ಅದೇ ಸಿಗುವುದಿಲ್ಲ.

ಈಗ ಕಸುಬಿನ ಮಾತಿಗೆ ಬರೋಣ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರೂ ಹೆಲ್‌ಮುಟ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಸೇರಿ, ಲೋಹದೊಳಗಿನ ಬಿರುಕು ಹುಡುಕಲು ಹಡಗುಕಟ್ಟೆಯಲ್ಲಿ ಬಳಸುತ್ತಿದ್ದ ಶಬ್ದತರಂಗದ ಯಂತ್ರವನ್ನು ಎದೆಗೆ ಹಿಡಿದರು. ಎಕೋ ಹುಟ್ಟಿದ್ದು ಹಾಗೆ. ಹರಿಯುವ ರಕ್ತದ ವೇಗವನ್ನು ಅಳೆಯುವ ವಿದ್ಯೆ ಆಮೇಲೆ ಬಂತು. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ ತತ್ವವೇ ಅದರ ತಳಹದಿ. ಅದನ್ನು ಹೃದ್ರೋಗಿಯ ಹಾಸಿಗೆಯ ಪಕ್ಕಕ್ಕೆ ತಂದವರಲ್ಲಿ ನಾರ್ವೆಯ ಲಿವ್ ಹಾಟ್ಲೆ ಎಂಬ ವೈದ್ಯೆಯ ಹೆಸರು ದೊಡ್ಡದು. ಹೃದಯಕ್ಕೆ ನಳಿಕೆ ತೂರಿಸಿ ಅಳೆಯುತ್ತಿದ್ದ ಒತ್ತಡವನ್ನು ಮೈಮೇಲಿನಿಂದಲೇ ಅಂದಾಜಿಸಬಹುದು ಎಂದು ಆಕೆ ತೋರಿಸಿಕೊಟ್ಟರು. 1988ರಲ್ಲಿ ಆಪಲ್‌ಟನ್, ಹಾಟ್ಲೆ, ಪಾಪ್ ಮೂವರೂ ಬರೆದ ಲೇಖನ, ಹೃದಯ ತುಂಬುವ ಬಗೆಯನ್ನು ಓದುವ ಈ ವಿದ್ಯೆಗೆ ಅಡಿಪಾಯ ಹಾಕಿತು.

ಎಕೋ ಕೋಣೆಯಲ್ಲಿ ಬೆಳಕು ಕಡಿಮೆ. ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ಎಡಗೈಯನ್ನು ತಲೆಯ ಕೆಳಗೆ ಇಡಿಸುತ್ತಾರೆ. ಹಾಗೆ ಮಲಗಿದರೆ ಹೃದಯ ಎದೆಗೂಡಿನ ಗೋಡೆಗೆ ಹತ್ತಿರ ಬರುತ್ತದೆ, ಪಕ್ಕೆಲುಬುಗಳ ನಡುವಿನ ಸಂದು ಅಗಲವಾಗುತ್ತದೆ. ತಣ್ಣನೆಯ ಜೆಲ್ ಹಚ್ಚಿ, ಹೃದಯದ ತುದಿ ಬಡಿಯುವ ಜಾಗಕ್ಕೆ ಪ್ರೋಬು ಇಡುತ್ತಾರೆ. ತೆರೆಯ ಮೇಲೆ ನಾಲ್ಕು ಕೋಣೆಗಳೂ ಮೂಡುತ್ತವೆ. ಅನುಭವ ಇಲ್ಲದ ಕೈ ಇಲ್ಲೇ ಮೋಸ ಹೋಗುತ್ತದೆ: ಪ್ರೋಬು ಒಂದು ಸಂದು ಮೇಲಿದ್ದರೆ ಹೃದಯ ಗಿಡ್ಡದಾಗಿ ಕಾಣುತ್ತದೆ, ಮುಂದಿನ ಅಳತೆಗಳೆಲ್ಲ ತಪ್ಪುತ್ತವೆ.

ಎಡ ಮೇಲುಕೋಣೆಗೂ ಎಡ ಕೆಳಕೋಣೆಗೂ ನಡುವೆ ಮೈಟ್ರಲ್ ಕವಾಟ ಇದೆ, ಅದಕ್ಕೆ ಎರಡು ರೆಪ್ಪೆ. ಆ ರೆಪ್ಪೆಗಳು ತೆರೆದಾಗ ಅವುಗಳ ತುದಿ ಎಲ್ಲಿ ಬರುತ್ತದೋ ಸರಿಯಾಗಿ ಅಲ್ಲಿ ಡಾಪ್ಲರಿನ ಗುರುತನ್ನು ಕೂರಿಸಬೇಕು. ಆ ಗುರುತಿನ ಅಗಲ ಒಂದರಿಂದ ಮೂರು ಮಿಲಿಮೀಟರ್. ಹೃದಯ ಕುಣಿಯುತ್ತಿರುತ್ತದೆ, ಎದೆ ಏರಿಳಿಯುತ್ತಿರುತ್ತದೆ, ಅದರ ನಡುವೆ ಮೂರು ಮಿಲಿಮೀಟರಿನ ಜಾಗ ಹಿಡಿದು ನಿಲ್ಲಬೇಕು. ಗುರುತು ರೆಪ್ಪೆಯ ತುದಿ ಬಿಟ್ಟು ಬುಡಕ್ಕೆ ಸರಿದರೆ ಮೊದಲ ಅಲೆ ಕುಗ್ಗಿ, ಗಟ್ಟಿಮುಟ್ಟಾದ ಹೃದಯವೂ ಕಾಯಿಲೆಯ ಹೃದಯದಂತೆ ತೋರುತ್ತದೆ. ಒಳ್ಳೆಯ ಕೈಯವರು ಉಸಿರು ಹೊರಬಿಟ್ಟ ಕೊನೆಗೆ ರೋಗಿಯನ್ನು ಕ್ಷಣ ನಿಲ್ಲಿಸಿ, ಕನಿಷ್ಠ ಮೂರು ಬಡಿತ ನೋಡಿ ಸರಾಸರಿ ತೆಗೆಯುತ್ತಾರೆ.

ತೆರೆಯ ಮೇಲೆ ಆಗ ಪ್ರತಿ ಬಡಿತಕ್ಕೂ ಎರಡು ಶಿಖರ ಮೂಡುತ್ತವೆ. ಮೊದಲನೆಯದು ಇ ಅಲೆ. ಕವಾಟ ತೆರೆದ ಕೂಡಲೆ ಕೆಳಕೋಣೆ ತಾನೇ ಸೆಳೆದುಕೊಳ್ಳುವ ರಕ್ತ ಅದು. ಎರಡನೆಯದು ಎ ಅಲೆ. ಕೊನೆಗೆ ಮೇಲುಕೋಣೆ ಹಿಂಡಿ ಕೊಡುವ ರಕ್ತ. ಹರೆಯದವರಲ್ಲಿ ಇ ಎತ್ತರ, ಎ ಗಿಡ್ಡ. ಸಡಿಲಿಕೆ ನಿಧಾನವಾದರೆ ಇ ತಗ್ಗುತ್ತದೆ, ಕೊರತೆ ತುಂಬಲು ಮೇಲುಕೋಣೆ ಜೋರಾಗಿ ಹಿಂಡುತ್ತದೆ, ಎ ಎದ್ದು ನಿಲ್ಲುತ್ತದೆ. ಇದೇ ಗ್ರೇಡ್ ಒನ್.

ಅರವತ್ತು ದಾಟಿದ ಹೆಚ್ಚಿನವರಲ್ಲಿ ಎ ಅಲೆ ಇ ಅಲೆಯನ್ನು ಮೀರುತ್ತದೆ. ಅದು ವಯಸ್ಸಿನ ಗುರುತು. ಹೊಲದಲ್ಲಿ ದಿನವಿಡೀ ದುಡಿಯುವ, ಬಿಪಿ ಸರಿಯಿರುವ, ದಮ್ಮು ಇಲ್ಲದ ಎಪ್ಪತ್ತರ ಮುತ್ಯಾನ ರಿಪೋರ್ಟಿನಲ್ಲಿ ಗ್ರೇಡ್ ಒನ್ ಎಂದು ಬಂದಿದ್ದಕ್ಕೆ ಮನೆಮಂದಿಯೆಲ್ಲ ನಿದ್ದೆಗೆಡಬೇಕಾಗಿಲ್ಲ. ಅದೇ ಮಾತು ನಲವತ್ತೈದರ, ಬಿಪಿ ಶುಗರ್ ಎರಡೂ ಇರುವವರ ರಿಪೋರ್ಟಿನಲ್ಲಿ ಬಂದರೆ ಅದರ ತೂಕವೇ ಬೇರೆ. ಅಕ್ಷರ ಒಂದೇ, ಅರ್ಥ ಮನುಷ್ಯನನ್ನು ನೋಡಿ ಹೇಳಬೇಕು.

ಈ ವಿದ್ಯೆಯ ನಿಜವಾದ ಕಷ್ಟ ಎರಡನೆಯ ಗ್ರೇಡಿನಲ್ಲಿದೆ, ಅದರ ಸೊಗಸೂ ಅಲ್ಲೇ. ಕಾಯಿಲೆ ಮುಂದುವರಿದು ಮೇಲುಕೋಣೆಯ ಒತ್ತಡ ಏರಿತು ಅನ್ನಿ. ಕವಾಟ ತೆರೆದಾಗ ರಕ್ತ ಆ ಒತ್ತಡಕ್ಕೇ ಧುಮುಕುತ್ತದೆ. ತಗ್ಗಿದ್ದ ಇ ಅಲೆ ಮತ್ತೆ ಏರುತ್ತದೆ. ಈಗ ತೆರೆಯ ಮೇಲೆ ಕಾಣುವ ಚಿತ್ರ ಇಪ್ಪತ್ತೈದರ ಹುಡುಗನ ಚಿತ್ರದಂತೆಯೇ ಇರುತ್ತದೆ. ಕಾಯಿಲೆ ಹೆಚ್ಚಾದಂತೆ ಚಿತ್ರ ಸುಧಾರಿಸಿದಂತೆ ಕಾಣುವುದು! ಹಿಂದೆ ಕೆಳಕೋಣೆ ಎಳೆದುಕೊಳ್ಳುತ್ತಿತ್ತು, ಈಗ ಮೇಲುಕೋಣೆ ದಬ್ಬುತ್ತಿದೆ. ವೇಗ ಒಂದೇ, ಕಾರಣ ತಿರುವುಮುರುವು. ಬರೀ ಈ ಎರಡು ಶಿಖರ ನೋಡಿ ನಾರ್ಮಲ್ ಎಂದು ಬರೆದು ಕಳಿಸಿದರೆ ಆ ಮನುಷ್ಯ ದಮ್ಮು ಕಟ್ಟಿಕೊಂಡೇ ಊರು ಸೇರುತ್ತಾನೆ.

ಈ ಮರೆಯನ್ನು ಸರಿಸಲು ಎಕೋ ಓದುವವರ ಬಳಿ ಕೆಲವು ಉಪಾಯಗಳಿವೆ. ಮೂಗು ಬಾಯಿ ಮುಚ್ಚಿ ಮುಕ್ಕಿರಿಯಿರಿ ಎಂದು ರೋಗಿಗೆ ಹೇಳುತ್ತಾರೆ. ಮುಕ್ಕಿರಿದಾಗ ಹೃದಯಕ್ಕೆ ಬರುವ ರಕ್ತ ಕಡಿಮೆಯಾಗುತ್ತದೆ, ಮೇಲುಕೋಣೆಯ ಒತ್ತಡ ಇಳಿಯುತ್ತದೆ, ವೇಷ ಕಳಚಿ ಒಳಗಿನ ಗ್ರೇಡ್ ಒನ್ ಹೊರಬೀಳುತ್ತದೆ. ಇನ್ನೊಂದು ಉಪಾಯ 1990ರ ದಶಕದಲ್ಲಿ ಬಂದದ್ದು, ಅದು ನನಗೆ ಬಹಳ ಮೆಚ್ಚು. ರಕ್ತದ ವೇಗ ಬಿಟ್ಟು ಸ್ನಾಯುವಿನದೇ ವೇಗ ಅಳೆಯುವುದು. ಕವಾಟದ ಬುಡದ ಬಳೆ ಪ್ರತಿ ಬಡಿತಕ್ಕೂ ಮೇಲೆ ಕೆಳಗೆ ಆಡುತ್ತದೆ. ಅದು ಎಷ್ಟು ಚುರುಕಾಗಿ ಹಿಂದಿರುಗುತ್ತದೆ ಎಂಬುದೇ ಇ ಪ್ರೈಮ್. ರಕ್ತವನ್ನು ಒತ್ತಡ ದಬ್ಬಬಹುದು. ಬಿರುಸಾದ ಸ್ನಾಯುವನ್ನು ಹಾಗೆ ಚುರುಕಾಗಿಸಲು ಬರುವುದಿಲ್ಲ. ನಡುಗೋಡೆಯ ಕಡೆ ಸೆಕೆಂಡಿಗೆ ಏಳು ಸೆಂಟಿಮೀಟರಿಗಿಂತ, ಹೊರಗೋಡೆಯ ಕಡೆ ಹತ್ತಕ್ಕಿಂತ ಕಡಿಮೆ ಬಂದರೆ ಸಂಶಯ. ಇ ಅಲೆಯನ್ನು ಇ ಪ್ರೈಮ್‌ನಿಂದ ಭಾಗಿಸಿ, ಸರಾಸರಿ ಹದಿನಾಲ್ಕು ಮೀರಿದರೆ ತುಂಬುವ ಒತ್ತಡ ಏರಿರಬಹುದು.

ಆಮೇಲೆ ಎಡ ಮೇಲುಕೋಣೆಯ ಗಾತ್ರ. ಮೈಯ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ 34 ಮಿಲಿಲೀಟರ್ ದಾಟಿದರೆ ಅದು ಹಿಗ್ಗಿದೆ ಎಂದರ್ಥ. ಇ ಅಲೆ ಈ ಹೊತ್ತಿನ ಮಾತು ಹೇಳುತ್ತದೆ. ಬೆಳಿಗ್ಗೆ ನೀರು ಹೋಗುವ ಗುಳಿಗೆ ನುಂಗಿ ಬಂದಿದ್ದರೆ ಅದು ಬದಲಾಗುತ್ತದೆ. ಮೇಲುಕೋಣೆ ಮಾತ್ರ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಾನುಂಡ ಒತ್ತಡವನ್ನು ತನ್ನ ಗಾತ್ರದಲ್ಲಿ ಇಟ್ಟುಕೊಂಡಿರುತ್ತದೆ. ಬಲಗಡೆಯ ಕವಾಟದಿಂದ ಹಿಂದಕ್ಕೆ ಸೋರುವ ರಕ್ತದ ವೇಗ ಸೆಕೆಂಡಿಗೆ 2.8 ಮೀಟರ್ ಮೀರಿದೆಯೇ ಎಂಬುದು ನಾಲ್ಕನೆಯ ಸಾಕ್ಷಿ. 2016ರ ಮಾರ್ಗಸೂಚಿ ಈ ನಾಲ್ಕನ್ನೂ ಒಟ್ಟಿಗೆ ತೂಗಲು ಹೇಳಿತು. ಅರ್ಧಕ್ಕಿಂತ ಹೆಚ್ಚು ತಪ್ಪಿದರೆ ದೋಷ ಇದೆ, ಅರ್ಧಕ್ಕಿಂತ ಕಡಿಮೆಯಾದರೆ ಇಲ್ಲ, ಎರಡು ಆಚೆ ಎರಡು ಈಚೆ ಆದರೆ ನಿರ್ಧರಿಸಲಾಗದು ಎಂದು ಬರೆಯಬೇಕು ಎಂದಿತು. ನಿರ್ಧರಿಸಲಾಗದು ಎಂದು ಬರೆಯುವ ಧೈರ್ಯವಿರುವವರ ರಿಪೋರ್ಟನ್ನು ನಾನು ಹೆಚ್ಚು ನಂಬುತ್ತೇನೆ.

ಇಷ್ಟೆಲ್ಲ ಅಳೆದ ಮೇಲೂ ಅರ್ಧ ಕೆಲಸ ಬಾಯಿಮಾತಿನಲ್ಲಿ ಉಳಿದಿರುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ 45 ದಾಟಿದ 2,042 ಜನರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರಲ್ಲಿ ಒಬ್ಬರಿಗೆ ಸೌಮ್ಯ ದೋಷ, ನೂರಕ್ಕೆ ಸುಮಾರು ಏಳು ಮಂದಿಗೆ ಅದಕ್ಕಿಂತ ಹೆಚ್ಚಿನ ದೋಷ ಕಂಡಿತು. ಅವರಲ್ಲಿ ಬಹಳ ಮಂದಿಗೆ ತಮಗೇನೋ ಆಗಿದೆ ಎಂಬುದೇ ಗೊತ್ತಿರಲಿಲ್ಲ. ಬರೀ ದೋಷಕ್ಕೂ ಹಾರ್ಟ್ ಫೇಲ್ಯೂರಿಗೂ ನಡುವಿನ ಗೆರೆ ತೆರೆಯ ಮೇಲಿಲ್ಲ, ರೋಗಿಯ ದಿನಚರಿಯಲ್ಲಿದೆ.

ಅದನ್ನು ಕೇಳಿ ತಿಳಿಯುವುದಕ್ಕೆ ಈ ಸೀಮೆಯ ಮಾತು ಬಲ್ಲವರು ಬೇಕು. ನಿಮಗೆ ಉಸಿರಾಟದ ತೊಂದರೆ ಇದೆಯೇ ಎಂದು ಪುಸ್ತಕದ ಭಾಷೆಯಲ್ಲಿ ಕೇಳಿದರೆ ಬೀದರ ಕಡೆಯ ಆಯಿ ಇಲ್ಲ ಅಂದುಬಿಡುತ್ತಾಳೆ. ಬಲ್ಲ ಡಾಕ್ಟರು ಬೇರೆ ದಾರಿಯಲ್ಲಿ ಹೋಗುತ್ತಾರೆ.

“ಆಯಿ, ಚಪ್ಪಲಿ ಹಾಕ್ಕೊಳ್ಳಾಕ ಬಗ್ಗಿದ್ರ ದಮ್ಮ ಬರ್ತದೇನ್ರಿ?”

“ಬಗ್ಗಾಕ ಎಲ್ಲಿ ಆಗ್ತದಪ್ಪಾ. ಮೊಮ್ಮಗಳ ಹಾಕ್ತಾಳ.”

“ಮಲಗುವಾಗ ತಲದಿಂಬ ಎಷ್ಟ ಇಟ್ಕೋತೀರಿ?”

“ಎರಡ. ಒಂದ ಇಟ್ರ ಎದಿ ಕಟ್ಟಿದಂಗ ಆಗ್ತದ.”

ಬಗ್ಗಿದಾಗ ಬರುವ ದಮ್ಮು, ಏರಿಸಿಕೊಂಡ ತಲೆದಿಂಬು, ಸಂಜೆ ಹೊತ್ತಿಗೆ ಪಾದದಲ್ಲಿ ಬಾವು, ರಾತ್ರಿ ಎಚ್ಚರಾಗಿ ಕಿಟಕಿ ಹತ್ತಿರ ಕೂರುವುದು, ಹೋದ ವರ್ಷ ವೀರಭದ್ರೇಶ್ವರ ಜಾತ್ರೆಗೆ ನಡೆದು ಹೋದವರು ಈ ವರ್ಷ ಆಟೊ ಹಿಡಿದದ್ದು, ಇವೆಲ್ಲ ಮಿಲಿಮೀಟರಿನಷ್ಟೇ ಬೆಲೆಯುಳ್ಳ ಅಳತೆಗಳು. ಮೊಮ್ಮಗಳು ಚಪ್ಪಲಿ ಹಾಕುತ್ತಾಳೆ ಎಂಬ ಮಾತನ್ನು ಹಿಡಿದುಕೊಳ್ಳುವ ಕಿವಿ ಎಲ್ಲಕ್ಕಿಂತ ದೊಡ್ಡದು. ಜನ ತಮ್ಮ ದಮ್ಮಿಗೆ ತಕ್ಕ ಹಾಗೆ ಬದುಕನ್ನೇ ಚಿಕ್ಕದು ಮಾಡಿಕೊಂಡುಬಿಡುತ್ತಾರೆ, ಆಮೇಲೆ ದಮ್ಮು ಕಾಣುವುದೇ ಇಲ್ಲ. ಹೆಂಗಸರಲ್ಲಿ ಇದು ಇನ್ನೂ ಹೆಚ್ಚು. ಇಎಫ್ ಸರಿಯಿದ್ದೂ ಬರುವ ಈ ಬಗೆಯ ಹಾರ್ಟ್ ಫೇಲ್ಯೂರ್ ವಯಸ್ಸಾದ ಹೆಂಗಸರಲ್ಲೇ ಹೆಚ್ಚು ಕಾಣುತ್ತದೆ. ಅವರ ಸುಸ್ತನ್ನು ಮಾತ್ರ ವಯಸ್ಸು, ರಕ್ತ ಕಡಿಮೆ, ಗ್ಯಾಸು ಎಂದು ತಳ್ಳಿಹಾಕುತ್ತೇವೆ. ರಕ್ತಹೀನತೆಯನ್ನೂ ನೋಡಬೇಕು ನಿಜ, ಅಲ್ಲಿಗೇ ನಿಲ್ಲಿಸಬಾರದು.

ಮಲಗಿದಾಗ ಅಳತೆಗಳೆಲ್ಲ ಸರಿ, ಮೆಟ್ಟಿಲು ಹತ್ತಿದರೆ ದಮ್ಮು ಎನ್ನುವವರೂ ಇದ್ದಾರೆ. ಅಂಥವರನ್ನು ಸೈಕಲ್ ತುಳಿಸಿ, ಬಡಿತ ಏರಿದಾಗ ಮತ್ತೆ ಅಳೆಯುವ ಪದ್ಧತಿ ದೊಡ್ಡ ಕೇಂದ್ರಗಳಲ್ಲಿ ಇದೆ. 2018ರಲ್ಲಿ ಯೋಗೇಶ್ ರೆಡ್ಡಿ, ಬ್ಯಾರಿ ಬೋರ್ಲಾಗ್ ಮತ್ತು ಅವರ ಸಂಗಡಿಗರು, ದಮ್ಮಿಗೆ ಕಾರಣ ಈ ಬಗೆಯ ಹಾರ್ಟ್ ಫೇಲ್ಯೂರೇ ಎಂದು ಅಂದಾಜಿಸಲು, ಒಂದು ಅಂಕಪಟ್ಟಿ ಮಾಡಿದರು. ತೂಕ, ಎರಡು ಅಥವಾ ಹೆಚ್ಚು ಬಿಪಿ ಗುಳಿಗೆ, ತಾಳ ತಪ್ಪಿದ ಮೇಲುಕೋಣೆಯ ಬಡಿತ, ಶ್ವಾಸಕೋಶದ ನಾಳದ ಒತ್ತಡ, ಅರವತ್ತು ಮೀರಿದ ವಯಸ್ಸು, ಎಕೋದ ಒಂದು ಅಳತೆ, ಇಷ್ಟಕ್ಕೆ ಅಂಕ ಕೊಟ್ಟು ಕೂಡಿಸುವುದು. ಆರರಲ್ಲಿ ಎಕೋ ಬೇಕಾಗುವುದು ಎರಡಕ್ಕೆ ಮಾತ್ರ. ಉಳಿದವು ತೂಕದ ಯಂತ್ರ, ಇಸಿಜಿ, ಗುಳಿಗೆಯ ಚೀಟಿ ನೋಡಿ ಹೇಳಬಹುದಾದವು. ತಾಲ್ಲೂಕು ಮಟ್ಟದ ಡಾಕ್ಟರಿಗೆ ಇದು ಕೈಗೆಟಕುವ ಸಾಧನ.

ನಮ್ಮಲ್ಲಿ ಹಾರ್ಟ್ ಫೇಲ್ಯೂರ್ ಬೇಗ ಬರುತ್ತದೆ ಎಂಬುದನ್ನೂ ಮರೆಯಬಾರದು. 2013ರ ತಿರುವನಂತಪುರದ ಹಾರ್ಟ್ ಫೇಲ್ಯೂರ್ ದಾಖಲೆಯಲ್ಲಿ ರೋಗಿಗಳ ಸರಾಸರಿ ವಯಸ್ಸು 61. ಪಶ್ಚಿಮದ ದೇಶಗಳಲ್ಲಿ ಅದು ಎಪ್ಪತ್ತರ ಮೇಲೆ. 2023ರಲ್ಲಿ ಐಸಿಎಂಆರ್ ಪ್ರಕಟಿಸಿದ ದೇಶವ್ಯಾಪಿ ಅಧ್ಯಯನ ವಯಸ್ಕರಲ್ಲಿ ನೂರಕ್ಕೆ 35 ಮಂದಿಗೆ ಬಿಪಿ, 11 ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ಬಿರುಸಾಗುವ ಹೃದಯಗಳು ತಯಾರಾಗುವುದು ಈ ಎರಡರಿಂದ. ಬಿಪಿ ಗುಳಿಗೆಯನ್ನು ಆರಾಮ ಅನಿಸಿದ ಕೂಡಲೆ ಬಿಡುವ ರೂಢಿ ನಮ್ಮ ಕಡೆ ದಂಡಿಯಾಗಿದೆ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಭಜಿ ಇಲ್ಲದ ಊಟ ಸಪ್ಪೆ ಅನ್ನುತ್ತೇವೆ. ದಿನಕ್ಕೆ ಐದು ಗ್ರಾಂ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೋಳದ ರೊಟ್ಟಿಗೆ ಉಪ್ಪು ಬೇಕಿಲ್ಲ, ಅದರ ಪಕ್ಕದಲ್ಲಿ ಕೂರುವುದಕ್ಕೆ ಬೇಕಾಗುತ್ತದೆ.

ಬಹಳ ವರ್ಷ ಇಎಫ್ ಸರಿಯಿರುವ ಹಾರ್ಟ್ ಫೇಲ್ಯೂರಿಗೆ ನೆಟ್ಟಗೆ ಔಷಧಿಯೇ ಇರಲಿಲ್ಲ. ಬಾವು ಇಳಿಸುವುದು, ಬಿಪಿ ಹಿಡಿತದಲ್ಲಿಡುವುದು, ಅಷ್ಟೇ. 2021ರಲ್ಲಿ ಎಂಪಾಗ್ಲಿಫ್ಲೋಜಿನ್, 2022ರಲ್ಲಿ ಡಾಪಾಗ್ಲಿಫ್ಲೋಜಿನ್, ಸಕ್ಕರೆ ಕಾಯಿಲೆಗೆಂದು ಹುಟ್ಟಿದ ಈ ಎರಡು ಗುಳಿಗೆಗಳು ಸಕ್ಕರೆ ಇಲ್ಲದವರಲ್ಲೂ ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡುತ್ತವೆ ಎಂದು ದೊಡ್ಡ ಪ್ರಯೋಗಗಳು ತೋರಿಸಿದವು. ಅಂದಿನಿಂದ ಆ ಎರಡನೆಯ ಸಾಲನ್ನು ಸರಿಯಾಗಿ ಬರೆಯುವವರ ಜವಾಬ್ದಾರಿ ಹೆಚ್ಚಾಯಿತು. ಗುರುತಿಸಿದರೆ ಮಾಡಲು ಏನಾದರೂ ಇದೆ ಈಗ.

ದೂರವೂ ಸ್ವಲ್ಪ ಕಡಿಮೆಯಾಗಿದೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. 2017ರಿಂದ ಹುಮನಾಬಾದ್ ಮೇಲೆ ಬೀದರ–ಕಲಬುರಗಿ ರೈಲು ಓಡುತ್ತಿದೆ. ಆದರೂ ಒಬ್ಬರ ಎಕೋ ರಿಪೋರ್ಟುಗಳು ನಾಲ್ಕು ಊರಿನ ನಾಲ್ಕು ನಮೂನೆಯಲ್ಲಿ ಹಂಚಿಹೋಗಿರುವುದು ಇಲ್ಲಿ ಮಾಮೂಲು. ಒಂದು ಸೊಲ್ಲಾಪುರದ್ದು, ಒಂದು ಹೈದರಾಬಾದಿನದು, ಒಂದು ಎಲ್ಲಿಯೋ ಕಳೆದದ್ದು. ಎಕೋವನ್ನು ಚೆನ್ನಾಗಿ ಓದಬಲ್ಲವರು ಹೊಸ ರೋಗಿ ಬಂದಾಗ ಮೊದಲು ಕೇಳುವುದು ಹಳೆಯ ಹಾಳೆಗಳನ್ನೇ. ತಾರೀಖಿನ ಪ್ರಕಾರ ಮೇಜಿನ ಮೇಲೆ ಸಾಲಾಗಿ ಇಟ್ಟು, ಗ್ರೇಡ್ ಎಷ್ಟೆಂಬುದನ್ನು ಬದಿಗಿಟ್ಟು, ಎಡ ಮೇಲುಕೋಣೆ ಎಷ್ಟಿತ್ತು ಎಷ್ಟಾಯಿತು, ಗೋಡೆಯ ದಪ್ಪ ಎಷ್ಟು, ಅವತ್ತಿನ ಬಿಪಿ ಎಷ್ಟಿತ್ತು, ತೂಕ ಎಷ್ಟಿತ್ತು ಎಂದು ನೋಡುತ್ತಾರೆ. ಹಳೆಯ ರಿಪೋರ್ಟಿನಲ್ಲಿ ಬಿಪಿ ಬರೆದಿಲ್ಲದಿದ್ದರೆ ಪೆನ್ನು ತೆಗೆದುಕೊಂಡು ಇವತ್ತಿನದನ್ನು ಹೊಸ ಹಾಳೆಯ ಮೂಲೆಯಲ್ಲಿ ಬರೆಯುತ್ತಾರೆ, ಮುಂದಿನ ಸಲ ಇದನ್ನು ಓದುವವರಿಗೆ ಬೇಕಾಗುತ್ತದೆಂದು.